ಮಾಳಿಗೆಯ ನೀರನ್ನು ಅಂಗಳದ ನೀರೆಂದು ಹೇಳಿದ ಬಗ್ಗೆ

ಮಾನ್ಯ ಓದುಗರೇ,

ನನ್ನ ದೊಡ್ಡಪ್ಪನ ಮಗ ಶರಣಪ್ಪಣ್ಣನ ಕಾರು ಬೇವೂರಿನ ಹತ್ತಿರ ನಡುರಸ್ತೆಯಲ್ಲಿ ನಿಂತುಹೋದದ್ದು ಅವನ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಮತ್ತು ಆ ಸಂಗತಿ ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಕಚೇರಿಯ ಪತ್ರಗಳನ್ನು ಬಿಟ್ಟರೆ ನಾನು ಈವರೆಗೆ ಏನನ್ನೂ ಬರೆದವನಲ್ಲ. ಭಾಷೆಯಲ್ಲಿ ಲೋಪವಿದ್ದರೆ ಮನ್ನಿಸಬೇಕು. ಸಂಗತಿಯಲ್ಲಿರುವುದನ್ನು ಮನ್ನಿಸಬೇಕಾಗಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ಅಳವಂಡಿಯವನಾದ ನಾನು ಯಲಬುರ್ಗಾದಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆ. ಪದವಿ ಮುಗಿದಿತ್ತು, ನೌಕರಿ ಸಿಕ್ಕಿರಲಿಲ್ಲ. ದೊಡ್ಡಪ್ಪನದು ರೈತರ ಕಾಳುಕಡಿಯನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿ. ಒಬ್ಬನೇ ಮಗನಾದ ಶರಣಪ್ಪಣ್ಣ ಆ ಅಂಗಡಿಯ ಗಾದಿಯ ಮೇಲೆ ಕೂರಲು ಸುತರಾಂ ಒಪ್ಪುತ್ತಿರಲಿಲ್ಲ. ಅವನಿಗೆ ಗ್ಯಾರೇಜು ಬೇಕಿತ್ತು. ತನ್ನ ಕೈಗುಣವನ್ನು ಅಪ್ಪನಿಗೆ ತೋರಿಸಲೆಂದೇ ಅವನು ಮನೆಯ ಹಳೆಯ ಕಾರಿಗೆ ‘ಗ್ಯಾಸ್ ಡಬ್ಬಿ’ಯೊಂದನ್ನು ಮಾಡಿದ.

ಸದರಿ ಡಬ್ಬಿಯ ವಿವರ ಹೀಗಿದೆ. ಲಾರಿ ಬ್ಯಾಟರಿಯ ಖಾಲಿ ಪೆಟ್ಟಿಗೆ. ಅದರೊಳಗೆ ಸ್ಟೀಲಿನ ತಗಡುಗಳು, ನಡುನಡುವೆ ಸೈಕಲ್ ಟ್ಯೂಬಿನ ತುಂಡುಗಳು. ನೀರಿನಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾ. ಕಾರಿನ ಬ್ಯಾಟರಿಯಿಂದ ಕರೆಂಟು ಹರಿಸಿದರೆ ನೀರು ಒಡೆದು ಜಲಜನಕ ಏಳುತ್ತಿತ್ತು, ರಬ್ಬರ್ ಪೈಪಿನ ಮೂಲಕ ಎಂಜಿನ್ನಿಗೆ ಹೋಗುತ್ತಿತ್ತು. ಪೆಟ್ರೋಲಿನ ಜೊತೆಗೆ ಇದೂ ಉರಿದರೆ ಪೆಟ್ರೋಲು ಕಡಿಮೆ ಸಾಕು ಎಂಬುದು ಅವನ ವಿಚಾರ. ತಗಡಿಗಾಗಿ ಅವನು ಕತ್ತರಿಸಿದ್ದು ಅಡುಗೆಮನೆಯ ತಾಟುಗಳನ್ನು. ದೊಡ್ಡವ್ವ ಓಣಿಗೆಲ್ಲ ಕೇಳುವಂತೆ ಕೂಗಿದ್ದಳು: “ಉಣ್ಣೋ ತಾಟು ಕತ್ತರಿಸಿ ಗಾಡಿಗೆ ಉಣಸ್ತಾನಂತ! ನಾಳೆ ನಾವು ನೆಲದ ಮ್ಯಾಲ ಉಣಬೇಕೇನಲೇ?”

ಬ್ಯಾಟರಿಗೆ ಹಾಕುವ ನೀರನ್ನು ತುಂಬಿದಾಗ ಕಾರು ಊರಿನೊಳಗೆ ಚೆನ್ನಾಗಿಯೇ ಓಡಿತು. ಆಗ ದೊಡ್ಡಪ್ಪ ಒಂದು ಶರತ್ತು ಹಾಕಿದ. “ನನ್ನ ಕೂಡಿಸ್ಕೊಂಡು ಕುಷ್ಟಗಿಗೆ ಹೋಗಿ, ಎಲ್ಲೂ ನಿಲ್ಲಲಾರದ ತಿರುಗಿ ಬಾ. ಬಂದಿ ಅಂದ್ರ ಬಸ್ ಸ್ಟ್ಯಾಂಡ್ ಬಾಜೂಕಿನ ಜಾಗಾ ನಿಂದು, ಗ್ಯಾರೇಜ್ ಹಾಕ್ಕೋ. ದೀಪಾವಳಿತನಕ ಟೈಮ್ ಕೊಟ್ಟೀನಿ. ಆಗಲಿಲ್ಲಂದ್ರ ಪೂಜಿ ದಿನ ಸುಮ್ಮನ ಬಂದು ಗಾದಿ ಮ್ಯಾಲ ಕೂಡು.”

ಬ್ಯಾಟರಿ ನೀರು ನಮ್ಮಲ್ಲಿ ಬೇಕಾದಾಗ ಸಿಗುತ್ತಿರಲಿಲ್ಲ. ಬಾವಿಯ ನೀರು ಸವಳು, ಉಪ್ಪಿನಂಶವಿದ್ದರೆ ಡಬ್ಬಿ ಕೆಡುತ್ತದೆ. ಮಳೆನೀರೇ ಸೈ ಎಂದು ಅಣ್ಣ ತೀರ್ಮಾನಿಸಿ, ಅದನ್ನು ಹಿಡಿಯುವ ಕೆಲಸವನ್ನು ನನಗೆ ವಹಿಸಿದ. “ಮಾಳಿಗಿ ನೀರು ಬ್ಯಾಡ. ಅಂಗಳದಾಗ ಬಯಲಿಗೆ ಪಾತೇಲಿ ಇಟ್ಟು ಹಿಡಿ. ಮ್ಯಾಲಿಂದ ಸೀದಾ ಬಿದ್ದ ನೀರ ಬೇಕು ನನಗ.” ಇದಕ್ಕಿಂತ ಸ್ಪಷ್ಟವಾದ ಆದೇಶವನ್ನು ನಾನು ಮುಂದೆ ನೌಕರಿಯಲ್ಲಿಯೂ ಕಂಡಿಲ್ಲ.

ಮಳೆ ಬಂತು. ಪಾತೇಲಿಯಲ್ಲಿ ಬಿದ್ದದ್ದು ತಳ ಮುಚ್ಚುವಷ್ಟು. ಪಕ್ಕದಲ್ಲಿಯೇ ಮಾಳಿಗೆಯ, ಅಂದರೆ ಮನೆಯ ಮಣ್ಣಿನ ಚಾವಣಿಯ, ನೀರು ಹೊರಬೀಳುವ ದೋಣಿಯಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ನಾನು ಕ್ಯಾನನ್ನು ಅಲ್ಲಿಗೆ ಒಡ್ಡಿದೆ—ನೆನೆಯುತ್ತ ನಿಲ್ಲಲು ಬೇಸರವಾಗಿತ್ತು, ಅಷ್ಟೇ. ಮಣ್ಣುನೀರಿಗೆ ಪಟಿಕ ತಿರುವಿದೆ, ಮರುದಿನಕ್ಕೆ ತಿಳಿಯಾಯಿತು. ಮಳೆಗಾಲಕ್ಕೆ ಮೊದಲು ಮಾಳಿಗೆ ಸೋರದಂತೆ ಅದರ ಮೇಲೆ ಸವಳು ಮಣ್ಣು ಹರವುವುದು ನಮ್ಮ ಕಡೆಯ ಪದ್ಧತಿ. ಆ ವರ್ಷ ಆಳುಗಳೊಂದಿಗೆ ಬುಟ್ಟಿ ಹೊತ್ತವನು ನಾನೇ. ಆದರೂ ಹೊಳೆಯಲಿಲ್ಲ.

ಡಬ್ಬಿಗೆ ಆ ನೀರನ್ನೇ ತುಂಬಿ ಕುಷ್ಟಗಿಗೆ ಹೊರಟಾಗ ಕಾರಿನಲ್ಲಿ ನಾನೂ ಇದ್ದೆ, ದೊಡ್ಡಪ್ಪನ ಜೊತೆ ಅವನ ವ್ಯಾಪಾರದ ಗೆಳೆಯರೊಬ್ಬರಿದ್ದರು. ಬೇವೂರಿನ ಹತ್ತಿರ ಎಂಜಿನ್ನು ಕೆಮ್ಮಿತು, ನಿಂತಿತು. ಅಣ್ಣ ಬಾನೆಟ್ ತೆಗೆದ. ಡಬ್ಬಿ ಮುಟ್ಟಲಾಗದಷ್ಟು ಕಾದಿತ್ತು. ಕಂದು ನೊರೆ ಉಕ್ಕಿ ಪೈಪಿನ ಗುಂಟ ಕಾರ್ಬುರೇಟರಿಗೆ ಇಳಿದಿತ್ತು. ಹಿಂದಿನ ಸೀಟಿನಿಂದ ಗೆಳೆಯರ ಮಾತು ಬಂತು: “ಶರಣಪ್ಪಾ, ಎತ್ತು ತರಸ್ಲೇನೋ? ಅವೂ ನೀರಿನ ಮ್ಯಾಲ ನಡೀತಾವು, ಸೋಡಾದ ಖರ್ಚಿಲ್ಲ.” ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರೂ ಬಂದು ನಕ್ಕರು.

ಆ ನಗುವಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಸ್ವಂತ ಮಗ ಕೈ ಸುಟ್ಟುಕೊಂಡು ನಿಂತಿದ್ದಾನೆ, ಇವನು ನಗುತ್ತಾನೆ! ಆದರೆ ಅವರ ನಡುವೆ ನಿಂತು ನಾನೂ—ಸಣ್ಣಗೆ—ನಕ್ಕಿದ್ದೆ.

ಅಣ್ಣ ಡಬ್ಬಿಯನ್ನು ಮೂಸಿದ. “ಬಾವಿಗೆ ಹಾಕೋ ಬ್ಲೀಚಿಂಗ್ ಪುಡಿ ವಾಸನಿ ಬರಾಕತ್ತೈತಲ್ಲೋ,” ಎಂದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: “ನೀರು ಅಂಗಳದ್ದ ಹೌದಿಲ್ಲೋ?”

“ಅಂಗಳದ್ದೇ ಅಣ್ಣ.”

ಅಷ್ಟು ಸಾಕಾಯಿತು ಅವನಿಗೆ. ಆ ಪ್ರಶ್ನೆಯನ್ನು ಅವನು ಮತ್ತೆಂದೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಪ್ರತಿಯೊಂದು ನಟ್ಟನ್ನೂ ಅನುಮಾನಿಸುತ್ತಿದ್ದವನು ನನ್ನನ್ನೇಕೆ ಅನುಮಾನಿಸಲಿಲ್ಲ? ಒಮ್ಮೆ ಕಪಾಳಕ್ಕೆ ಬಾರಿಸಿ ಕೇಳಿದ್ದರೆ—

ಪೈಪು ಕಳಚಿ, ಕಾರ್ಬುರೇಟರ್ ಒರೆಸಿ, ಬರೀ ಪೆಟ್ರೋಲಿನ ಮೇಲೆ ಮನೆಗೆ ಬಂದೆವು. ಸಂಜೆ ಯಾರೂ ಇಲ್ಲದಾಗ ನಾನು ಕ್ಯಾನಿನ ನೀರನ್ನು ಬೊಗಸೆಗೆ ಸುರಿದು ನಾಲಿಗೆಗೆ ಹಚ್ಚಿದೆ. ಸವಳು. ಬುಟ್ಟಿ, ಮಣ್ಣು, ಮಾಳಿಗೆ ಎಲ್ಲವೂ ಒಟ್ಟಿಗೆ ನೆನಪಾದವು. ಆ ವಾಸನೆ, ತಗಡು ತಿಂದ ಆ ಕಂದು ನೊರೆ ಮಾಳಿಗೆಯ ಮಣ್ಣಿನ ಉಪ್ಪಿನಿಂದಲೇ ಬಂದದ್ದು. ಮರುದಿನದಿಂದ ಅಣ್ಣ ದೋಷ ಹುಡುಕಲು ಕುಳಿತ. ತಗಡುಗಳು ತೀರ ಹತ್ತಿರವಿವೆ ಎಂದು ದೂರ ಮಾಡಿದ. ಸೋಡಾ ಹೆಚ್ಚಾಯಿತೆಂದು ಕಡಿಮೆ ಮಾಡಿದ. ವೈರು ಬದಲಿಸಿದ, ರಬ್ಬರು ಬದಲಿಸಿದ, ಇನ್ನೆರಡು ತಾಟು ಕತ್ತರಿಸಿ ಅವ್ವನಿಂದ ಬೈಸಿಕೊಂಡ. ಪ್ರತಿ ಸಲವೂ ತುಂಬಿದ್ದು ಅದೇ ಕ್ಯಾನಿನ ‘ಛಲೋ ನೀರು’. ಪ್ರತಿ ಸಲವೂ ಅದೇ ಕಂದು ನೊರೆ. ನಾನು ಪಕ್ಕದಲ್ಲಿ ಕುಳಿತು ನಟ್ಟು ಬಿಚ್ಚುವ ಪಾನಾ ಕೊಡುತ್ತಿದ್ದೆ.

ನಾನು ಒಪ್ಪಿಕೊಳ್ಳಬೇಕಾಗಿಯೂ ಇರಲಿಲ್ಲ, ಓದುಗರೇ! ಕಾಲು ತಾಗಿದಂತೆ ಆ ಕ್ಯಾನನ್ನು ಉರುಳಿಸಿದ್ದರೆ ಸಾಕಿತ್ತು. ಹೊಸ ನೀರು ಬರುತ್ತಿತ್ತು, ಕಾರು ಓಡುತ್ತಿತ್ತು. ಅದನ್ನೂ ಮಾಡಲಿಲ್ಲ. ದೊಡ್ಡಪ್ಪ ಮನೆಗೆ ಬಂದವರ ಮುಂದೆ, “ನಮ್ಮ ಶರಣ್ಯಾ ಹುಚ್ಚ ಅದಾನ, ಇವ ನೋಡ್ರಿ ಶಾಣ್ಯಾ,” ಎಂದು ನನ್ನ ಬೆನ್ನು ತಟ್ಟತೊಡಗಿದ್ದ. ಅನ್ನಕ್ಕೆ ಬಂದವನಾಗಿದ್ದ ನನಗೆ ಆ ಮನೆಯಲ್ಲಿ ಮೊದಲ ಬಾರಿಗೆ ಒಂದು ಸ್ಥಾನ ದೊರೆತಿತ್ತು. ಅದು ಹಿತವಾಗಿತ್ತು. ಈ ವಾಕ್ಯವನ್ನು ಬರೆಯುವಾಗ ನನ್ನ ಕೈಯನ್ನೇ ಮುರಿಯಬೇಕೆನಿಸುತ್ತದೆ.

ದೀಪಾವಳಿ ಬಂತು. ಪೂಜೆಯ ದಿನ ಅಣ್ಣ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಗಾದಿಯ ಮೇಲೆ ಕುಳಿತ. ಯಾರೂ ಕರೆಯಬೇಕಾಗಲಿಲ್ಲ. ನಾನು ಪ್ರಸಾದ ಕೊಡಲು ಬಾಗಿದಾಗ ತಗ್ಗಿದ ದನಿಯಲ್ಲಿ ಹೇಳಿದ: “ನನ್ನ ವಿಚಾರದಾಗ ಎಲ್ಲೋ ತಪ್ಪೈತಿ ತಮ್ಮಾ. ಎಲ್ಲಿ ಅಂತ ತಿಳೀವಲ್ದು. ಅದು ತಿಳಿದಿದ್ರ ಇಲ್ಲಿ ಕೂಡಾಕೂ ಬ್ಯಾಸರ ಇರಲಿಲ್ಲ.”

ನಾನು ಪ್ರಸಾದ ಕೊಟ್ಟೆ.

ಮುಂದೆ ಸರ್ಕಾರಿ ನೌಕರಿ ಸಿಕ್ಕಿ ಗಂಗಾವತಿಗೆ ಬಂದೆ. ಅಲ್ಲಿ ಎಂಜಿನಿಯರೊಬ್ಬರನ್ನು ಬೇರೆ ಯಾರದೋ ಕಥೆಯೆಂಬಂತೆ ಕೇಳಿದೆ. ಇಂಥ ಡಬ್ಬಿಯಿಂದ ಉಳಿತಾಯ ಸಾಧ್ಯವಿಲ್ಲ ಎಂದರು ಅವರು. ಬ್ಯಾಟರಿಯನ್ನು ತುಂಬುವುದು ಅದೇ ಎಂಜಿನ್ನು, ಗ್ಯಾಸಿನಿಂದ ಬರುವುದಕ್ಕಿಂತ ಅದನ್ನು ಮಾಡಲು ಹೋಗುವುದೇ ಹೆಚ್ಚು. ಹಾಗಾದರೆ ಹೇಗಿದ್ದರೂ ಸೋಲುತ್ತಿದ್ದ ಎಂದು ನಾನು ಬಹಳ ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಸದರಿ ನೆಮ್ಮದಿಯನ್ನು ಈ ಮೂಲಕ ರದ್ದುಪಡಿಸಿದ್ದೇನೆ. ದೊಡ್ಡಪ್ಪನ ಶರತ್ತು ಉಳಿತಾಯದ್ದಾಗಿರಲಿಲ್ಲ. ನಿಲ್ಲದೆ ಹೋಗಿ ಬರುವುದಾಗಿತ್ತು. ಒಳ್ಳೆಯ ನೀರಿದ್ದರೆ ಕಾರು ಹೋಗಿ ಬರುತ್ತಿತ್ತು. ಗ್ಯಾರೇಜು ಅವನದಾಗುತ್ತಿತ್ತು. ಉಳಿತಾಯವಿಲ್ಲವೆಂಬುದನ್ನು ಅವನೇ ಒಂದು ದಿನ ಲೆಕ್ಕ ಹಾಕಿ ಕಂಡುಕೊಂಡು, ತಾನೇ ನಕ್ಕು, ಡಬ್ಬಿಯನ್ನು ಬಿಸಾಡಿ ಬೇರೊಂದಕ್ಕೆ ಕೈ ಹಾಕುತ್ತಿದ್ದ. ಹಾಗೆ ಸೋಲುವುದು ಅವನ ಹಕ್ಕಾಗಿತ್ತು. ನಾನು ಅದನ್ನೂ ಕಿತ್ತುಕೊಂಡೆ.

ದೊಡ್ಡಪ್ಪ ತೀರಿಹೋಗಿದ್ದಾನೆ. ಅಣ್ಣ ಇಂದಿಗೂ ಅದೇ ಗಾದಿಯ ಮೇಲಿದ್ದಾನೆ. ಡಬ್ಬಿಯ ಮಾತು ಬಂದರೆ ಅಂಗಡಿಯಲ್ಲಿ ಕುಳಿತವರು ಈಗಲೂ ನಗುತ್ತಾರೆ, ಅವನೂ ಅವರೊಂದಿಗೆ ನಗುತ್ತಾನೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಬರುವ ಸಂತೆಯ ದಿನ ಯಲಬುರ್ಗಾಕ್ಕೆ ಹೋಗುತ್ತೇನೆ. ಅಂಗಡಿಯಲ್ಲಿ ಜನ ತುಂಬಿರುವ ಹೊತ್ತು ನೋಡಿಯೇ ಹೋಗುತ್ತೇನೆ. ಎಲ್ಲರಿಗೂ ಕೇಳುವಂತೆ, ನೀರು ಮಾಳಿಗೆಯದಾಗಿತ್ತು ಎಂದು ಅವನಿಗೆ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅವನು ಅಲ್ಲಿಯೇ ಕೊಟ್ಟುಬಿಡುತ್ತಾನೆ.