ಮಾವನ ಕೈಗೆ ಕೊಟ್ಟ ಪಿಕಪ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿನಲ್ಲಿ ಆ ಪಿಕಪ್‌ನ ಬಣ್ಣ ಕಡು ಹಸಿರು; ಉಳಿದಿರುವ ಒಂದೇ ಫೋಟೊದಲ್ಲಿ ಅದು ಬೂದಿ ಬಣ್ಣದ್ದಾಗಿ ಕಾಣುತ್ತದೆ. ಕೊಂಡದ್ದು ಮಳೆಗಾಲಕ್ಕೆ ಮುಂಚೆಯೋ ಆಮೇಲೆಯೋ ಎಂದು ಕೇಳಿದರೂ ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವವಳು ಹೀಗೆನ್ನುವುದು ನಾಚಿಕೆಯ ಮಾತು. ಆದರೆ ದಿನಚರಿಯಲ್ಲಿ ನಾನು ಬರೆದದ್ದೆಲ್ಲ ಯಂತ್ರಗಳ ಬಗ್ಗೆ. ಗಾಡಿ ಹೇಗೂ ಇರುತ್ತದೆ ಅಂದುಕೊಂಡಿದ್ದೆ.

ಯಂತ್ರಗಳೆಂದರೆ ಹುಲ್ಲುಹಾಸು ಕತ್ತರಿಸುವ ಹಳೆಯ ಯಂತ್ರಗಳು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಈ ಹುಚ್ಚು ಎಲ್ಲಿಂದ ಅಂಟಿತೋ ಗೊತ್ತಿಲ್ಲ. ಮುಂಬಯಿಯಲ್ಲಿ ಹಳೆಯ ಬಂಗಲೆ ಕೆಡಹುವ ಮೊದಲು ಮಾಲಿಯ ಶೆಡ್ ಖಾಲಿ ಮಾಡುತ್ತಾರೆ. ಎರಕದ ಕಬ್ಬಿಣದ ಉರುಳೆ, ತಿರುಚಿದ ಬ್ಲೇಡುಗಳು, ಕೈಬೆವರಿಗೆ ಕಪ್ಪಾದ ಮರದ ಹಿಡಿಕೆ ಎಲ್ಲವೂ ಗುಜರಿಗೆ ಹೋಗುತ್ತವೆ. ಸಿಕ್ಕಷ್ಟನ್ನು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬಾಡಿಗೆಗೆ ಹಿಡಿದ ಗಾಲಾಕ್ಕೆ, ಅಂದರೆ ಶಟರಿನ ಪುಟ್ಟ ಮಳಿಗೆಗೆ, ತಂದು ತುಕ್ಕು ತೆಗೆಯುತ್ತಿದ್ದೆ. ಬ್ಲೇಡಿಗೆ ಮಸೆಯುವ ಪೇಸ್ಟು ಹಚ್ಚಿ, ಅವು ಕೂತಿರುವ ಸಿಲಿಂಡರನ್ನು ಉಲ್ಟಾ ತಿರುಗಿಸಬೇಕು. ಆಮೇಲೆ ಪತ್ರಿಕೆಯ ಹಾಳೆಯೊಂದನ್ನು ಹಿಡಿದರೆ, ಬ್ಲೇಡುಗಳು ಅದನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಕತ್ತರಿಸಿಕೊಂಡು ಹೋಗಬೇಕು.

ಇವನ್ನು ಸಾಗಿಸಲು ಗಾಡಿ ಹುಡುಕಿಕೊಟ್ಟವರು ನನ್ನ ಸೋದರಮಾವ. ಫೋರ್ಟ್ ಪ್ರದೇಶದಲ್ಲಿ ಅವರದೊಂದು ಉಡುಪಿ ಹೋಟೆಲು. ಅಲ್ಲಿ ದಿನಾ ಕಾಫಿಗೆ ಬರುವ ಮುದುಕರೊಬ್ಬರ ಬಳಿ, ನನ್ನ ಅಮ್ಮನಷ್ಟೇ ವಯಸ್ಸಾದ ಇಂಗ್ಲೆಂಡಿನ ಪಿಕಪ್ ನಿಂತಿತ್ತು; ಅದನ್ನು ನಾನು ಕೊಂಡೆ. ತಿರುಗುವಾಗ ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯೊಂದು ಹೊರಗೆ ಚಾಚುತ್ತಿತ್ತು, ಅದೇ ಇಂಡಿಕೇಟರ್. ಬ್ಯಾಟರಿಯ ವೈರು ಈಗಿನ ಗಾಡಿಗಳಿಗಿಂತ ಉಲ್ಟಾ. ಮೆಕ್ಯಾನಿಕ್ ಒಬ್ಬ ಎಂದಿನಂತೆ ಜೋಡಿಸಿ ಹೊಗೆ ಬರಿಸಿದ ಮೇಲೆ, ಮಾವ ಬಾನೆಟ್ಟಿನ ಒಳಬದಿಯಲ್ಲಿ ಕೆಂಪು ಪೇಂಟಿನಲ್ಲಿ ಬರೆದರು: ‘ಬ್ಯಾಟರಿ ಉಲ್ಟಾ ಉಂಟು. ಜಾಗ್ರತೆ.’

"ಮೆಕ್ಯಾನಿಕ್‌ಗೆ ಕನ್ನಡ ಬರುದಿಲ್ವಲ್ಲ ಮಾವ" ಎಂದೆ.

"ಓದ್ಲಿಕ್ಕೆ ಬರದಿದ್ರೆ ನನ್ನನ್ನು ಕೇಳ್ತಾನೆ. ಅಷ್ಟೇ ಬೇಕಾದ್ದು" ಅಂದರು.

ಹಲವು ಭಾನುವಾರ ಮಾವ ನನ್ನ ಪಕ್ಕದ ಸೀಟಿನಲ್ಲಿದ್ದರು. ಹಲಗೆ ಇಟ್ಟು ಯಂತ್ರವನ್ನು ಮೇಲಕ್ಕೆ ತಳ್ಳುವಾಗ ಏದುಸಿರು ಬಿಡುತ್ತ, "ಇದು ನಿನ್ನ ಅತ್ತೆಗಿಂತ ಭಾರ ಉಂಟು ಮಾರಾಯ್ತಿ, ಅವಳಿಗೆ ಹೇಳ್ಬೇಡ" ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಕಾಗದಪತ್ರಗಳೆಲ್ಲ ಅವರದೇ ಜವಾಬ್ದಾರಿ. ಅವರು ಪೆನ್ಸಿಲಿನಲ್ಲಿ ಗುರುತು ಹಾಕಿ ತರುತ್ತಿದ್ದರು, ಗುರುತಿದ್ದಲ್ಲಿ ಅಮ್ಮ ಸಹಿ ಹಾಕುತ್ತಿದ್ದರು. ನಾನೂ ಹಾಗೆಯೇ ಕಲಿತೆ. ಮುಂದೆ ಇಡುವ ಕಾಗದವನ್ನು ಓದುವುದು ನಮ್ಮಲ್ಲಿ ಒಂದು ರೀತಿಯ ಅವಮರ್ಯಾದೆ.

ಎರಡು ವರ್ಷದ ಹಿಂದೆ ನಮ್ಮ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಯಿತು. ಬಾಡಿಗೆಗೆ ಹೋದ ಮನೆಯಲ್ಲಿ ಪಿಕಪ್‌ಗೆ ಜಾಗವಿರಲಿಲ್ಲ. ಗಾಲಾದ ಮುಂದೆ ಟೆಂಪೊಗಳ ದಾರಿ, ಅಲ್ಲೂ ನಿಲ್ಲಿಸುವಂತಿಲ್ಲ. ಸಾಲದ್ದಕ್ಕೆ ಆರ್‌ಟಿಓ ಪಾಸಿಂಗಿನ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಪತ್ರದ, ಅವಧಿಯೂ ಮುಗಿಯುತ್ತಿತ್ತು.

"ನನ್ನ ಗುರುತಿನವರ ವರ್ಕ್‌ಶಾಪ್ ಉಂಟು, ಅಲ್ಲಿ ಇಡುವ. ಪಾಸಿಂಗ್ ಸಹ ನಾನೇ ಮಾಡಿಸ್ತೇನೆ. ಸೈನ್ ಹಾಕು" ಎಂದರು ಮಾವ. ಪೆನ್ಸಿಲ್ ಗುರುತುಗಳಿದ್ದವು. ಎಷ್ಟು ಎಂದು ನೆನಪಿಲ್ಲ. ಸಹಿ ಹಾಕಿದೆ. ಸುತ್ತ ಪ್ಯಾಕ್ ಮಾಡಿದ ಡಬ್ಬಗಳಿದ್ದವು. ಅವರು ಚಹಾ ಕುಡಿಯದೆ ಹೊರಟರು. ಇದು ನೆನಪಿದೆ, ಏಕೆಂದರೆ ಮಾವ ಹಾಗೆ ಹೊರಡುವವರಲ್ಲ.

ಆಮೇಲೆ ಪ್ರತಿ ಸಲ ಕೇಳಿದಾಗಲೂ ಒಂದೇ ಉತ್ತರ: "ಪಾರ್ಟ್ ಬರ್ಲಿಲ್ಲ ಮಗಾ." ನಾನು ನಂಬಿದೆ. ಚೋರ್ ಬಜಾರಿನಲ್ಲಿ ಅಲೆದು ಆ ಪುಟ್ಟ ಕೈಗೆ ಹೊಂದುವ ಬಲ್ಬು ತಂದಿಟ್ಟೆ. ಆ ನಡುವೆ ಚೆಂಬೂರಿನ ಬಂಗಲೆಯೊಂದರಿಂದ ಫೋನು ಬಂತು: ದೊಡ್ಡ ಯಂತ್ರ, ಕೂತು ಓಡಿಸುವ ಸೀಟೂ ಇದೆ, ಶನಿವಾರದೊಳಗೆ ಒಯ್ಯಬೇಕು. ಗಾಡಿ ಒಂದು ದಿನಕ್ಕಾದರೂ ಸಿಗುತ್ತದೆಯೇ ಎಂದು ಮಾವನನ್ನು ಕೇಳಿದೆ. "ಎಂಜಿನ್ ಬಿಚ್ಚಿ ಇಟ್ಟಿದ್ದಾರಲ್ಲ" ಎಂದರು. ಬಾಡಿಗೆ ಟೆಂಪೊ ಸಿಕ್ಕಿದ್ದೇ ಭಾನುವಾರ, ಹೋದಾಗ ಶೆಡ್ಡೇ ಇರಲಿಲ್ಲ. ಆ ಸಂಜೆ ಮಾವ ಫೋನು ಮಾಡಿ ನನ್ನನ್ನು ಸಮಾಧಾನಪಡಿಸಿದರು. ಹೌದು, ಅವರೇ.

ಕಳೆದ ವರ್ಷ ಸಹೋದ್ಯೋಗಿಯೊಬ್ಬರು ನಿವೃತ್ತರಾದರು. ಅವರ ಬೀಳ್ಕೊಡುಗೆಯ ಊಟ ಪರೇಲಿನಲ್ಲಿ, ಹಳೆಯ ಗಿರಣಿಯೊಳಗಿನ ಹೊಸ ರೆಸ್ಟೋರೆಂಟಿನಲ್ಲಿ. ಒಳಗೆ ಕಾಲಿಡುತ್ತಲೇ ಎದುರಿನ ಗೋಡೆಯಿಂದ ಗಾಡಿಯೊಂದರ ಮುಂಭಾಗ ಹೊರಗೆ ಚಾಚಿತ್ತು. ಸೀಟಿನ ಹಿಂದೆ ಸರಿಯಾಗಿ ಕತ್ತರಿಸಿದ್ದರು. ಹೆಡ್‌ಲೈಟ್ ಉರಿಯುತ್ತಿತ್ತು, ಬಾನೆಟ್ ತೆರೆದಿತ್ತು, ಎರಡೂ ಬದಿಯ ಕೈಗಳು ಒಟ್ಟಿಗೆ ಹೊರಗಿದ್ದವು. ಒಟ್ಟಿಗೆ ಹೊರಗೆ ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಇಂಥ ಗಾಡಿ ಬೇರೊಂದೂ ಇರಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ವೇಟರ್ ಬಂದ. ನಾನೂ ಜೊತೆಗಿದ್ದ ಕನ್ನಡದ ಸಹೋದ್ಯೋಗಿಯೊಬ್ಬರೂ ಕನ್ನಡದಲ್ಲಿ ಮಾತಾಡಿದ್ದು ಅವನ ಕಿವಿಗೆ ಬಿದ್ದಿತ್ತು.

"ಕನ್ನಡದವರೇನ್ರಿ ಅಕ್ಕಾರ? ನಮ್ದು ವಿಜಯಪುರ ಕಡೆ. ಬರ್ರಿ, ಫೋಟೊ ತೆಗೀತೀನಿ. ಇದರಾಗ ಒಂದು ಮಜಾ ಐತಿ ನೋಡ್ರಿ, ಬಾನೆಟ್ ಒಳಗ ಕನ್ನಡದಾಗ ಬರದಾರ! ಇಂಗ್ಲೆಂಡಿನ ಗಾಡಿಯಾಗ ಕನ್ನಡ! ಯಾವ ಪುಣ್ಯಾತ್ಮ ಬರದಾನೋ ಏನೋ."

ಬಗ್ಗಿ ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದೆ. ಹಿಂಭಾಗ ಎಲ್ಲಿ ಎಂದು ಕೇಳಿದೆ. "ಅಲ್ಲಿ ಐತಲ್ರಿ, ಸಲಾಡ್ ಇಟ್ಟಾರ" ಎಂದು ತೋರಿಸಿದ. ನಾನು ಹಗ್ಗ ಬಿಗಿಯುತ್ತಿದ್ದ ಕೊಕ್ಕೆಗಳಿಗೆ ಚಮಚಗಳನ್ನು ನೇತುಹಾಕಿದ್ದರು. ಬಾಗಿಲ ಬಳಿ ಫಿಲ್ಟರ್ ಕಾಫಿಯ ಕೌಂಟರೊಂದಿತ್ತು. ಅದರ ಹಿಂದೆ ನಿಂತಿದ್ದವರು ಮಾವನ ಹೋಟೆಲಿನ ಹಳೆಯ ಕಾಫಿ ಭಟ್ಟರು. ನನ್ನನ್ನು ಕಂಡು ಲೋಟ ಒರೆಸತೊಡಗಿದರು.

ಮರುದಿನ ಫೋರ್ಟಿಗೆ ಹೋದೆ. ಮಾವ ಗಲ್ಲಾದಲ್ಲಿದ್ದರು.

"ಪರೇಲಿಗೆ ಹೋಗಿದ್ದೆ ಮಾವ."

"ಹೌದಂತೆ. ಮೊದಲು ಕೂತ್ಕೋ, ಕಾಪಿ ಕುಡಿ. ಚಂದ ಇಟ್ಟಿದ್ದಾರಲ್ಲ? ಮಳೆ ಇಲ್ಲ, ತುಕ್ಕಿಲ್ಲ, ಎಸಿ ಉಂಟು."

"ಅರ್ಧ ಮಾಡಿದ್ದಾರೆ."

"ಇಡೀ ಗಾಡಿ ಗೋಡೆಗೆ ಹತ್ತುದಿಲ್ಲ ಮಾರಾಯ್ತಿ."

ನಾನು ನಗಲಿಲ್ಲ. ಅವರು ದನಿ ತಗ್ಗಿಸಿದರು. ಹೋಟೆಲಿರುವ ಕಟ್ಟಡವನ್ನು ಸದ್ಯದಲ್ಲೇ ಖಾಲಿ ಮಾಡಬೇಕಂತೆ. ಪರೇಲಿನವರಿಗೆ ಹಳೆಯ ಗಾಡಿ ಬೇಕಿತ್ತು, ಮಾವನಿಗೆ ತಮ್ಮ ಕಾಫಿ ಕೌಂಟರಿಗೆ ಒಂದು ಮೂಲೆ. "ಮೂವತ್ತು ವರ್ಷದಿಂದ ಇದ್ದ ಹುಡುಗರನ್ನು ಎಲ್ಲಿ ಕಳಿಸುದು? ಮತ್ತೆ, ನಾನು ಕದ್ದು ಕೊಟ್ಟದ್ದಲ್ಲ. ನೀನು ಸೈನ್ ಹಾಕಿದ್ದಿ. ಓದಿರ್ಲಿಲ್ವಾ? ಎಮ್ಮೆಸ್ಸಿ ಮಾಡಿದವಳು."

ಆ ಮಾತು ಇನ್ನೂ ಚುಚ್ಚುತ್ತದೆ. ಏಕೆಂದರೆ ಓದಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ. ‘ಮಾಲೀಕತ್ವದ ವರ್ಗಾವಣೆ’ ಎಂಬ ಅಕ್ಷರಗಳು ಆ ದಿನ ಕಣ್ಣಿಗೆ ಬಿದ್ದವೇ, ಅಥವಾ ಆಮೇಲೆ ಇಂಟರ್ನೆಟ್ಟಿನಲ್ಲಿ ಅದೇ ಫಾರ್ಮು ಹುಡುಕಿ ನೋಡಿದ್ದರಿಂದ ನೆನಪಿಗೆ ಸೇರಿಕೊಂಡವೇ? ಕಂಡಿದ್ದರೂ, ಕೊಟ್ಟವರು ಮಾವ ಎಂದು ಕಣ್ಣು ತಿರುಗಿಸಿದೆನೇ? ಆ ದಿನದ ದಿನಚರಿ ತೆಗೆದೆ. ‘ಮಾವ ಬಂದಿದ್ದರು. ಬೇರಿಂಗ್ ಇನ್ನೂ ಸಿಕ್ಕಿಲ್ಲ’ ಎಂದಷ್ಟೇ ಇದೆ.

ಗಾಲಾವನ್ನು ಬಿಟ್ಟುಕೊಟ್ಟೆ. ಯಂತ್ರಗಳನ್ನು ನಾಸಿಕ್ ಕಡೆಯ ನರ್ಸರಿಯವರು ಲಾರಿಯಲ್ಲಿ ಒಯ್ದರು. ಗಾಡಿ ಹೋದದ್ದನ್ನು ಹೇಗೋ ಸಹಿಸಿಕೊಂಡಿದ್ದೇನೆ. ಪಾರ್ಟ್ ಬರಲಿಲ್ಲ ಎಂದು ಒಂದು ವರ್ಷ ನನಗೆ ಹೇಳಿದ ಆ ಆರಾಮದ ದನಿಯನ್ನು ಮಾತ್ರ ಸಹಿಸಲಾಗಿಲ್ಲ. ನನಗೆ ಲಾಲಿ ಹಾಡಿದ್ದ ದನಿಯೂ ಅದೇ ಎಂದು ಅಮ್ಮ ಹೇಳುತ್ತಾರೆ.

ಗಣೇಶ ಚೌತಿಯ ದಿನ ಮಾವನ ಮನೆಗೆ ಹೋಗಿದ್ದೆ. ಊಟದ ನಂತರ ಬಾಲ್ಕನಿಯಲ್ಲಿ ಇಬ್ಬರೇ ಇದ್ದಾಗ ಕೇಳಿದೆ. ಅವರು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಈಗ ಫೋನಿನಲ್ಲಿ ಮಾತಾಡುತ್ತೇವೆ, ಅಮ್ಮನ ಬಿಪಿ ವಿಚಾರಿಸುತ್ತಾರೆ, ಇದಕ್ಕೆ ಮಾತ್ರ ಉತ್ತರ ಬಂದಿಲ್ಲ:

"ಮಾವ, ಹುಡುಗರಿಗಾಗಿ ಬೇಕು ಅಂತ ಬಾಯಿಬಿಟ್ಟು ಕೇಳಿದ್ರೆ, ನಾನು ಕೊಡುದಿಲ್ಲ ಅಂತ ನಿಮಗೆ ಅನಿಸಿತಾ?"