ಅಕ್ಕನ ಮೂಗು ಆರಿಸಿದ ಮೇಣ

ಅಕ್ಕನಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾದಾಗ ನನ್ನ ಹತ್ತಿರ ಒಂದು ಹಳೆಯ ಕೆಂಪು ಕಾರಿತ್ತು. ಕೊಂಡು ಎರಡು ವರ್ಷವಾಗಿದ್ದರೂ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಬಿಟ್ಟರೆ ಅದನ್ನು ನಾನು ಹೆಚ್ಚು ಓಡಿಸಿದವಳಲ್ಲ. ಬೆಳಗಾವಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನಲವತ್ತಾರನೆಯ ವಯಸ್ಸಿನಲ್ಲಿ ಗಾಡಿ ಕಲಿತವಳು. ಎದುರಿಗೆ ಲಾರಿ ಬಂದರೆ ಇವತ್ತಿಗೂ ಉಸಿರು ಬಿಗಿಹಿಡಿಯುತ್ತೇನೆ. ಅಕ್ಕ ಮದುವೆಯಾಗಿ ಹೋದದ್ದು ಖಾನಾಪುರಕ್ಕೆ. ಭಾವ ಅಲ್ಲಿನ ಹಂಚಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಅವರಿಗೆ ಗಾಡಿ ಬರುವುದಿಲ್ಲ, ಮಾತೂ ಅಷ್ಟಕ್ಕಷ್ಟೆ. ಮೂರು ವಾರಕ್ಕೊಮ್ಮೆ ಬೆಳಗಾವಿಗೆ ಬಂದು ಕಿಮೋ ತೆಗೆದುಕೊಳ್ಳಬೇಕೆಂದು ಡಾಕ್ಟರು ಹೇಳಿದಾಗ, ನಾನೇ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ ಎಂದುಬಿಟ್ಟೆ. ಹೆದರಿಕೆ ಶುರುವಾದದ್ದು ಆಮೇಲೆ.

ಮೊದಲನೆಯ ಸಲ ಏನೂ ತೊಂದರೆಯಾಗಲಿಲ್ಲ. ಅಕ್ಕ ದಾರಿಯುದ್ದಕ್ಕೂ ನಿದ್ದೆ ಮಾಡಿದಳು. ಎರಡನೆಯ ಸಲಕ್ಕೆ ನನಗೊಂದು ಹುಕಿ ಬಂತು. ಕಾರು ನೋಡಿದರೆ ಬೇಜಾರಾಗುವಂತಿತ್ತು. ಬಾನೆಟ್ಟಿನ ಮೇಲಿನ ಕೆಂಪು ಬಿಸಿಲಿಗೆ ಸತ್ತು ಸುಣ್ಣ ಸವರಿದ ಹಾಗೆ ಬೆಳ್ಳಗಾಗಿತ್ತು. ಕೈಯಿಟ್ಟರೆ ಪುಡಿ ಹತ್ತುತ್ತಿತ್ತು. ಕಾಯಿಲೆಯ ಅಕ್ಕನನ್ನು ಇಂಥ ಗಾಡಿಯಲ್ಲಿ ಕರೆತರುವುದೇ ಎಂದುಕೊಂಡು ಹಿಂದಿನ ದಿನ ಒಂದು ವಾಶಿಂಗ್ ಸೆಂಟರಿಗೆ ಒಯ್ದು, ಹೊರಗೂ ಒಳಗೂ ಪಾಲಿಶ್ ಮಾಡಿಸಿದೆ. ಕಾರು ಪಳಪಳ ಹೊಳೆಯಿತು. ಒಳಗೆ ಸೀಮೆಎಣ್ಣೆಯಂಥ ವಾಸನೆ, ಅದರ ಮೇಲೆ ಯಾವುದೋ ಅಗ್ಗದ ಅತ್ತರಿನ ವಾಸನೆ. ಎರಡೂ ನನಗೆ ಹೊಸತನದ ವಾಸನೆಯೆಂದೇ ಅನ್ನಿಸಿತು.

ಮರುದಿನ ಬೆಳಗ್ಗೆ ಬರುವಾಗ ಅಕ್ಕ ಮೂಗಿಗೆ ಸೆರಗು ಹಿಡಿದೇ ಕುಳಿತಿದ್ದಳು. ಆಸ್ಪತ್ರೆ ಮುಗಿಸಿ ಖಾನಾಪುರಕ್ಕೆ ಹೊರಟೆವು. ದಾರಿಯ ದೇಸೂರ ದಾಟುವಷ್ಟರಲ್ಲಿ ಅಕ್ಕ ನನ್ನ ಭುಜ ಮುಟ್ಟಿದಳು.

“ತಂಗಿ, ಗಾಡಿ ಬಾಜೂಕ ತಗೋ.”

ಗಾಡಿ ನಿಲ್ಲುತ್ತಲೇ ಬಾಗಿಲು ತಳ್ಳಿ ಇಳಿದಳು. ರಸ್ತೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದಳು. ನಾನು ಅವಳ ಹಣೆ ಹಿಡಿದುಕೊಂಡು ನಿಂತೆ. ಔಷಧದಿಂದ ಹೀಗಾಯಿತೇನೋ ಎಂದೆ. ಅವಳು ನೀರು ಮುಕ್ಕಳಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: “ಬ್ಯಾಸರ ಮಾಡ್ಕೋಬ್ಯಾಡ. ಖರೇ ಹೇಳ್ತೇನಿ, ಗಾಡಿ ವಾಸನಿ ತಡಕೊಳ್ಳಾಕ ಆಗವಲ್ದು ನನಗ.”

ಕಿಮೋ ಶುರುವಾದ ಮೇಲೆ ಅವಳ ಮೂಗು ಅಷ್ಟು ಸೂಕ್ಷ್ಮವಾಗಿತ್ತು. ಒಗ್ಗರಣೆ, ಅಗರಬತ್ತಿ, ಸೋಪು, ಯಾವುದನ್ನೂ ತಡೆಯುತ್ತಿರಲಿಲ್ಲ. ಅದು ನನಗೆ ಗೊತ್ತಿರಬೇಕಿತ್ತು. ಉಳಿದ ದಾರಿಯಲ್ಲಿ ನಾಲ್ಕೂ ಕಿಟಕಿ ಇಳಿಸಿ, ಎತ್ತಿನ ಬಂಡಿಯ ಹಾಗೆ ನಿಧಾನ ಓಡಿಸಿ ಮನೆ ಮುಟ್ಟಿಸಿದೆ. ವಾಪಸು ಬರುವಾಗ ಒಬ್ಬಳೇ ಅತ್ತುಬಿಟ್ಟೆ. ಅವಳಿಗೆ ಒಳ್ಳೆಯದಾಗಲೆಂದು ಮಾಡಿದ್ದೇ ಅವಳನ್ನು ರಸ್ತೆಯ ಬದಿಯಲ್ಲಿ ಕೂರಿಸಿತ್ತು.

ಆ ಪಾಲಿಶ್ ಒಂದು ವಾರವೂ ಬಾಳಲಿಲ್ಲ. ಬಾನೆಟ್ಟು ಮತ್ತೆ ಬೆಳ್ಳಗಾಯಿತು. ಮಳೆಗಾಲ ಹತ್ತಿರ ಬಂದಿತ್ತು, ಘಟ್ಟದಂಚಿನ ಖಾನಾಪುರದ ಮಳೆಯೆಂದರೆ ಗೊತ್ತೇ ಇದೆ. ಹೀಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ ಎಂದು ಎಲ್ಲರೂ ಹೆದರಿಸಿದರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಗ್ಯಾರೇಜುಗಳಿರುವ ಆಟೋ ನಗರಕ್ಕೆ ಹೋದೆ. ಪೂರ್ತಿ ಹೊಸ ಬಣ್ಣ ಹೊಡೆಸಿಬಿಡುವುದೇ ನನ್ನ ಲೆಕ್ಕ. ಅಲ್ಲಿ ತಗಡಿನ ಶೆಡ್ಡಿನಲ್ಲಿ ಒಬ್ಬ ವಯಸ್ಸಾದ ಪೇಂಟರ್ ಸ್ಟೂಲಿನ ಮೇಲೆ ಕುಳಿತು, ಯಾರದೋ ಕಾರಿನ ಬಾಗಿಲನ್ನು ಮರಳು ಕಾಗದದಿಂದ ಉಜ್ಜುತ್ತಿದ್ದರು. ಹಣೆಯ ಮೇಲೆ ವಿಭೂತಿ, ಉಗುರುಗಳಲ್ಲಿ ಹತ್ತು ಬಣ್ಣ.

ನಾನು ಹೇಳಿದ್ದನ್ನು ಕೇಳಿ ಅವರು ಎದ್ದು ಬಂದರು. ಒದ್ದೆ ಬಟ್ಟೆಯಿಂದ ಬಾನೆಟ್ಟಿನ ಒಂದು ಮೂಲೆಯನ್ನು ಉಜ್ಜಿ, ಬಟ್ಟೆಗೆ ಹತ್ತಿದ ಕೆಂಪನ್ನು ತೋರಿಸಿದರು. ಮೇಲಿನ ಪದರ ಸತ್ತಿದೆ, ಕೆಳಗಿನ ಬಣ್ಣ ಇನ್ನೂ ಗಟ್ಟಿ ಇದೆ, ಕಂಪನಿಯ ಬಣ್ಣದಷ್ಟು ಬಾಳುವ ಬಣ್ಣವನ್ನು ತಾನು ಹೊಡೆಯಲಾರೆ ಎಂದರು. ಕೈಗೆ ಬಂದ ದೊಡ್ಡ ಕೆಲಸವನ್ನು ಯಾರಾದರೂ ಹೀಗೆ ಬೇಡ ಎನ್ನುತ್ತಾರೆಯೇ ಎಂದು ನನಗೆ ಆಶ್ಚರ್ಯವಾಯಿತು. ಅಕ್ಕನ ವಿಷಯ ಹೇಳಿದೆ. ಅವರ ಮುಖ ಬದಲಾಯಿತು.

“ಹಂಗಾರ ಬಣ್ಣದ ಮಾತೇ ಬ್ಯಾಡ್ರಿ ಮೇಡಂ. ಹೊಸಾ ಬಣ್ಣ ತಿಂಗಳಾನಗಟ್ಟಲೆ ವಾಸನಿ ಬಿಡ್ತೈತಿ. ಮೇಣ ಹಚ್ಚೂಣು. ಗಿಡದ ಮೇಣ.”

ಕಾರಿಗೆ ಮೇಣವೆಂದರೆ ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಬ್ರೆಜಿಲ್ ಎಂಬ ದೇಶದಲ್ಲಿ ಒಂದು ಜಾತಿಯ ತಾಳೆಯಂಥ ಗಿಡವಿದೆಯಂತೆ. ಬಿಸಿಲಿಗೆ ತನ್ನ ನೀರು ಆರದಿರಲೆಂದು ಅದು ತನ್ನ ಗರಿಗಳ ಮೇಲೆ ತಾನೇ ಮೇಣ ಹೊದೆಯುತ್ತದೆ. ಆ ಮೇಣ ಕಾರಿನ ಬಣ್ಣಕ್ಕೂ ಅದೇ ಕೆಲಸ ಮಾಡುತ್ತದೆ. ಆದರೆ ಅದು ಕಲ್ಲಿನಂತೆ ಗಟ್ಟಿ. ಹಚ್ಚಲು ಬರಲೆಂದು ಏನಾದರೊಂದನ್ನು ಬೆರೆಸಿ ಮೆತ್ತಗೆ ಮಾಡುತ್ತಾರೆ, ಮೋಸವಿರುವುದು ಅಲ್ಲೇ. ಕೆಲವರು ಎಣ್ಣೆ ಬೆರೆಸುತ್ತಾರೆ, ಕೆಲವರು ಬಣ್ಣ ತೆಳುಮಾಡುವ ಥಿನ್ನರಿನಂಥದ್ದನ್ನು ಸುರಿದು ಡಬ್ಬಿಯ ಮೇಲೆ ಎಲೆಯ ಚಿತ್ರ ಹಾಕಿ ನೈಸರ್ಗಿಕ ಎಂದು ಬರೆಯುತ್ತಾರೆ.

“ಡಬ್ಬಿ ಮ್ಯಾಗ ಬರದದ್ದು ಓದಬ್ಯಾಡ್ರಿ,” ಎಂದರು. “ಮುಚ್ಚಳಾ ತಗದು ಮೂಸ್ರಿ. ನಿಮ್ಮ ಮೂಗೂ ಬ್ಯಾಡ, ಯಾರು ಒಳಗ ಕುಂದರ್ತಾರಲ್ಲ, ಅವರ ಮೂಗಿಗೆ ಕೇಳ್ರಿ.”

ಕಪಾಟಿನಿಂದ ಮೂರು ಡಬ್ಬಿ ತೆಗೆದು, ಪ್ರತಿಯೊಂದರಿಂದ ಬಟಾಣಿ ಕಾಳಿನಷ್ಟು ಮೇಣವನ್ನು ಒಂದೊಂದು ಬಟ್ಟೆಯ ಚೂರಿಗೆ ಸವರಿ, ಮೂರನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟರು. ಮರುದಿನ ಭಾನುವಾರ. ಖಾನಾಪುರಕ್ಕೆ ಬಸ್ಸಿನಲ್ಲಿ ಹೋದೆ.

ಅಕ್ಕ ಹೊರಗಿನ ಕಟ್ಟೆಯ ಮೇಲೆ ತಲೆಗೆ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡು ಕುಳಿತಿದ್ದಳು. ನಾನು ಹೆದರುತ್ತಲೇ ಮೊದಲನೆಯ ಚೀಲ ಬಿಚ್ಚಿದೆ. ಅವಳು ಮುಖ ತಿರುಗಿಸಿದಳು, ಅಷ್ಟೆ. ಎರಡನೆಯದರಲ್ಲಿ ಕಿತ್ತಳೆಯ ವಾಸನೆ ಇತ್ತು; ಹುಡುಗರ ಪೆಪ್ಪರಮಿಂಟಿನ ಹಾಗಿದೆ, ದಾರಿಯುದ್ದಕ್ಕೂ ಆಗದು ಎಂದಳು. ಮೂರನೆಯದನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಎಷ್ಟು ಹೊತ್ತಾದರೂ ಇಳಿಸಲಿಲ್ಲ.

“ಇದು ನಡೀತೈತಿ,” ಎಂದಳು. “ಜೇನಿನ ಹುಟ್ಟಿ ಮುರದಾಗ ಬರ್ತೈತಲ್ಲ, ಹಂಗ ಐತಿ.”

ಅದರಲ್ಲಿ ಸ್ವಲ್ಪ ಜೇನುಮೇಣವೂ ಇದೆಯೆಂದು ಪೇಂಟರ್ ಹೇಳಿದ್ದರು. ನಮ್ಮ ಮಾತು ಒಳಗಿನಿಂದ ಕೇಳಿಸಿಕೊಂಡಿದ್ದ ಭಾವ ಎರಡು ದಿನಕ್ಕೆ ಕಾಡಿನ ಕಡೆಯವರೊಬ್ಬರಿಂದ ಒಂದು ಮುದ್ದೆ ಅಪ್ಪಟ ಜೇನುಮೇಣ ತರಿಸಿ, ಬೆಳಗಾವಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿದರು. ಅದನ್ನು ನೋಡಿ ನನಗೆ ಅತಿ ಬುದ್ಧಿ ಬಂತು. ಡಬ್ಬಿ ಯಾಕೆ, ಇದೇ ಎಲ್ಲಕ್ಕಿಂತ ಶುದ್ಧವಲ್ಲವೇ ಎಂದು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಹಿಂದಿನ ಬಾಗಿಲಿಗೆ ಬಳಿದೆ. ಮರುದಿನ ಶಾಲೆಯ ಮೈದಾನದಲ್ಲಿ ಬಿಸಿಲಿಗೆ ನಿಂತ ಕಾರು ಸಂಜೆಗೆ ನೋಡಿದರೆ, ಆ ಬಾಗಿಲಿಗೆ ಮೈದಾನದ ಕೆಂಪು ಧೂಳೆಲ್ಲ ಹೋಳಿಗೆಗೆ ಹಿಟ್ಟು ಹತ್ತಿದ ಹಾಗೆ ಹತ್ತಿತ್ತು. ಒಂದು ನೊಣವೂ ಅಂಟಿಕೊಂಡಿತ್ತು.

ಆಟೋ ನಗರದ ಪೇಂಟರ್ ಅದನ್ನು ನೋಡಿ ನಕ್ಕರು, ಆದರೆ ಬಯ್ಯಲಿಲ್ಲ. ಜೇನುಮೇಣ ಮೆತ್ತಗಿನದು, ಬಿಸಿಲಿಗೆ ಬೆವರುತ್ತದೆ. ಅದು ಗಟ್ಟಿ ಮೇಣದ ಜೊತೆ ಚೂರು ಇದ್ದರೆ ಚೆಂದ, ಒಂಟಿಯಾಗಿ ಕಾರಿಗೆ ಆಗಿಬರುವುದಿಲ್ಲ ಎಂದು ತಿಳಿಸಿ, ಬೆಚ್ಚಗಿನ ಸೋಪಿನ ನೀರಿನಿಂದ ಬಾಗಿಲನ್ನು ತೊಳೆಸಿದರು. ಅಕ್ಕನ ಮುಂದಿನ ಪ್ರಯಾಣಕ್ಕೆ ಇನ್ನೂ ಹತ್ತು ದಿನವಿತ್ತು. ಅಷ್ಟರೊಳಗೆ ಗಾಡಿಯ ಒಳಗಿನ ಪಾಲಿಶನ್ನೂ ಒರೆಸಿ ತೆಗೆಸಿ, ಸತ್ತ ಪದರವನ್ನು ತಾವೇ ಕೈಯಿಂದ ಉಜ್ಜಿ ತೆಗೆದರು. ಒಳಗೆ ಅಡಗಿದ್ದ ಕೆಂಪು, ಸುಲಿದ ದಾಳಿಂಬೆಯ ಹಾಗೆ ಹೊರಗೆ ಬಂತು. ಆಮೇಲೆ ಮೇಣದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಇನ್ನು ನೀವೇ ಹಚ್ಚಿ ಎಂದರು. ಕಲಿತರೆ ಎಲ್ಲಿದ್ದರೂ ಹಚ್ಚಬಹುದು, ಪ್ರತಿ ಸಲ ಇಷ್ಟು ದೂರ ಬರಬೇಕಾಗಿಲ್ಲ ಎಂಬುದು ಅವರ ಮಾತು.

ನಾನು ಪಾಠ ಹೇಳಿಸಿಕೊಂಡು ಎಷ್ಟು ವರ್ಷವಾಗಿತ್ತೋ. ಗಾಡಿ ನೆರಳಿನಲ್ಲಿರಬೇಕು, ತಗಡು ತಣ್ಣಗಿರಬೇಕು. ಹೊಲಿಗೆಯಿಲ್ಲದ ಹಳೆಯ ಬನಿಯನ್ ಬಟ್ಟೆಯಿರಬೇಕು. ನಾನು ದೋಸೆಗೆ ಬೆಣ್ಣೆ ಸವರಿದ ಹಾಗೆ ದಪ್ಪಗೆ ಹಚ್ಚಿದೆ. ಅವರು ಮುಕ್ಕಾಲು ಪಾಲನ್ನು ಒರೆಸಿ ತೆಗೆದು, ಕಂಡೂ ಕಾಣದ ಹಾಗಿರಬೇಕು ಎಂದರು. ಒಂದು ಸಲಕ್ಕೆ ಒಂದು ಬಾಗಿಲು. ಸ್ವಲ್ಪ ಹೊತ್ತಿಗೆ ಮೇಣ ಆರಿ, ಚಳಿಗಾಲದ ಬೆಳಗಿನ ಕಿಟಕಿಯ ಗಾಜಿನಂತೆ ಮಂಜಾಗುತ್ತದೆ.

“ಈಗ ಬೆರಳು ಎಳದ ನೋಡ್ರಿ. ಜಾರಿದ್ರ ಒರಸ್ರಿ. ಅಂಟಿದ್ರ ತಡೀರಿ, ಅವಸರ ಮಾಡಬ್ಯಾಡ್ರಿ.”

ಬೆರಳು ಜಾರಿತು. ಒರೆಸಿದೆ. ಬಾಗಿಲಿನಲ್ಲಿ ನನ್ನ ಮುಖ ಕಂಡಿತು, ಬೆವರಿಳಿದ, ಕೂದಲು ಕೆದರಿದ ಮುಖ. ಬಹಳ ದಿನಗಳ ಮೇಲೆ ನನ್ನ ಕೈಯಿಂದ ಒಂದು ಕೆಲಸ ಸರಿಯಾಗಿ ಆಗಿತ್ತು. ಆಸ್ಪತ್ರೆಯಲ್ಲಿ ನಾನು ಮಾಡಬಹುದಾದದ್ದೇನೂ ಇರಲಿಲ್ಲ. ಅಲ್ಲಿ ಬರೀ ಕುರ್ಚಿಯ ಮೇಲೆ ಕುಳಿತು ಔಷಧದ ಹನಿ ಇಳಿಯುವುದನ್ನು ನೋಡುತ್ತಿದ್ದೆ.

ಮೂರನೆಯ ಸಲ ಅಕ್ಕ ಕಾರಿನಲ್ಲಿ ಕುಳಿತು ಒಮ್ಮೆ ಉಸಿರೆಳೆದುಕೊಂಡಳು. ನಾನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದೆ. ಅವಳು ತಲೆ ಹಿಂದಕ್ಕೆ ಒರಗಿಸಿದಳು. ದೇಸೂರ ಬಂತು, ದಾಟಿತು. ಮಳೆ ಹಿಡಿಯಿತು. ಬಾನೆಟ್ಟಿನ ಮೇಲೆ ಬಿದ್ದ ನೀರು ಹನಿಹನಿಯಾಗಿ ಉರುಳಿ ಹೋಗುವುದನ್ನು ನೋಡಿ ಕೆಸುವಿನ ಎಲೆಯ ಹಾಗಿದೆ ಎಂದಳು. ಆ ದಿನ ಅವಳು ಆಡಿದ್ದು ಅದೊಂದೇ ಮಾತು, ನನಗೆ ಅದು ಸಾಕಿತ್ತು.

ನಾಲ್ಕು, ಐದು, ಆರು. ಐದನೆಯದರ ಹೊತ್ತಿಗೆ ಔಷಧದ ಕಾಟದಿಂದ ಅವಳ ಬೆರಳ ತುದಿಗಳು ಮರಗಟ್ಟಿದ್ದವು. ರವಿಕೆಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಒಂದು ಭಾನುವಾರ ಖಾನಾಪುರದ ಅಂಗಳದಲ್ಲಿ ನಾನು ಮೇಣ ಹಚ್ಚುತ್ತಿದ್ದಾಗ ತಾನೂ ಒಂದು ಬಟ್ಟೆ ಕೇಳಿದಳು. ಸ್ಟೂಲಿನ ಮೇಲೆ ಕುಳಿತು ಬಾಗಿಲ ಕೆಳಭಾಗಕ್ಕೆ ಹಚ್ಚಿದಳು. ಆರಿತೋ ಇಲ್ಲವೋ ನೋಡಲು ಬೆರಳು ಎಳೆದಳು, ಮತ್ತೊಮ್ಮೆ ಎಳೆದಳು.

“ಜಾರತೈತೋ ಅಂಟತೈತೋ, ನನಗ ತಿಳೀವಲ್ದು.”

ಅವಳ ಕೈ ಹಿಡಿದು, ಮಣಿಕಟ್ಟನ್ನು ತಗಡಿಗೆ ತಾಗಿಸಿದೆ. ಅಲ್ಲಿ ಸ್ಪರ್ಶ ಉಳಿದಿತ್ತು. ಅವಳು ಮುಗುಳ್ನಕ್ಕು, ಹಾಗಾದರೆ ನಡೆಯುತ್ತದೆ ಎಂದು ಮಣಿಕಟ್ಟಿನಿಂದಲೇ ನೋಡಿ ನೋಡಿ ಇಡೀ ಬಾಗಿಲನ್ನು ಮುಗಿಸಿದಳು. ಅರ್ಧ ತಾಸು ಹಿಡಿಯಿತು. ಅಷ್ಟು ಹೊತ್ತು ನಮ್ಮಿಬ್ಬರ ನಡುವೆ ಕಾಯಿಲೆಯ ಮಾತು ಬರಲಿಲ್ಲ. ಚಿಕ್ಕವರಿದ್ದಾಗ ಕಾಕತಿಯ ಅಜ್ಜಿಯ ಮನೆಯ ನೆಲ ಸಾರಿಸಲು ಇಬ್ಬರೂ ಜಗಳಾಡುತ್ತಿದ್ದದ್ದು, ಯಾರ ಪಾಲು ಹೆಚ್ಚು ನುಣುಪೆಂದು ಅಜ್ಜಿಯನ್ನು ಸಾಕ್ಷಿಗೆ ಕರೆಯುತ್ತಿದ್ದದ್ದು, ಇಂಥವೇ.

ಚಿಕಿತ್ಸೆ ಮುಗಿಯಿತು. ವರದಿ ಚೆನ್ನಾಗಿ ಬಂತು. ಕೂದಲು ಗುಂಗುರಾಗಿ ಹುಟ್ಟಿತು. ಬೆರಳುಗಳಿಗೆ ಸ್ಪರ್ಶ ನಿಧಾನವಾಗಿ, ತಿಂಗಳುಗಟ್ಟಲೆ ಹಿಡಿದು ಮರಳಿತು, ಎಡಗೈಯ ಕಿರುಬೆರಳೊಂದು ಬಿಟ್ಟು. ಅಕ್ಕನೇ ಹಟ ಹಿಡಿದು ಒಮ್ಮೆ ಆಟೋ ನಗರಕ್ಕೆ ಬಂದಳು. ಶೇಂಗಾ ಹೋಳಿಗೆ ಮಾಡಿಕೊಂಡು ಬಂದಿದ್ದಳು. ಪೇಂಟರ್ ಸ್ಟೂಲು ಒರೆಸಿ ಕುಂದರ್ರಿ ಎಂದರು. ಆ ದಿನ ತಿಳಿಯಿತು, ಅವರ ಹೆಂಡತಿಯೂ ಇದೇ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಸಂಜೆ ತಾವು ಕೆಲಸ ಮುಗಿಸಿ ಮನೆಗೆ ಹೋದರೆ ಮೈಗೆ ಹತ್ತಿದ ಬಣ್ಣದ ವಾಸನೆಗೆ ಹೆಂಡತಿ ಮುಖ ಮುಚ್ಚಿಕೊಳ್ಳುತ್ತಿದ್ದರಂತೆ. ಯಾಕೆಂದು ತಮಗೆ ತಿಳಿದದ್ದು ಬಹಳ ತಡವಾಗಿ, ಆಕೆ ಬಾಯಿಬಿಟ್ಟು ಹೇಳಲೇ ಇಲ್ಲ ಎಂದರು. ಅಕ್ಕ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ. ಡಬ್ಬಿ ಬಿಚ್ಚಿ ಹೋಳಿಗೆ ತೆಗೆದು, “ತಿನ್ರಿ ಅಣ್ಣಾರ, ನನ್ನ ಕೈಯಾಗಿಂದ,” ಎಂದಳು. ಅವರು ಕೈ ತೊಳೆದುಕೊಂಡು ಬಂದು ತಿಂದರು.

ಈಗಲೂ ವರ್ಷಕ್ಕೆ ಮೂರು ಸಲ ಖಾನಾಪುರದ ಅಂಗಳದಲ್ಲೇ ಕಾರಿಗೆ ಮೇಣ ಹಚ್ಚುತ್ತೇವೆ. ಈ ಸಲ ಮಳೆಗಾಲಕ್ಕೆ ಮೊದಲು ಹೋದಾಗ ನಾನು ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ಭಾವ ಪ್ಯಾಂಟು ಮಡಚಿ, ಬಕೆಟ್ಟು ತಂದು, ಯಾರೂ ಕೇಳದೆಯೇ ಕಾರನ್ನು ತೊಳೆಯುತ್ತಿದ್ದರು. ಚಕ್ರದ ಸಂದಿಯ ಕೆಸರನ್ನೂ ಬಿಟ್ಟಿರಲಿಲ್ಲ. ನಾನು ನೋಡುತ್ತಿರುವುದು ಕಂಡು ಮುಖ ಆ ಕಡೆ ತಿರುಗಿಸಿ, ನೀರು ಇನ್ನೊಂದು ಕೊಡ ಬೇಕಾಗುತ್ತದೆ ಎಂದರು. ನಾನು ಕೊಡ ತೆಗೆದುಕೊಂಡು ನಳದ ಕಡೆ ನಡೆದೆ.