ಟೊಳ್ಳು ಬಿಡಬೇಕಿದ್ದ ಅಂಚು

ನನ್ನ ಸೋದರಮಾವನನ್ನು ಇಡೀ ಬೀದಿ ಗಾರೆಮಾವ ಎಂದೇ ಕರೆಯುತ್ತಿತ್ತು. ಹೆಂಚಿನ ಚಾವಣಿ ಪಕ್ಕದ ಗೋಡೆಯ ಮೇಲೆ ಮುಗಿಯುತ್ತದಲ್ಲ, ಗಾಳಿ ಮೊದಲು ಕೈ ಹಾಕುವುದು ಆ ಇಳಿಜಾರು ಅಂಚಿಗೇ. ಅಲ್ಲಿ ಸಿಮೆಂಟ್ ಗಾರೆ ಮೆತ್ತಿ ಹೆಂಚು ಕೂರಿಸುವುದು ಅವರ ಕಸುಬು. ಬಿಸಿಲಿಗೆ ಗಾರೆ ಬಿರುಕು ಬಿಡುತ್ತಿತ್ತು, ಮಳೆಗೆ ಉದುರುತ್ತಿತ್ತು, ಮತ್ತೆ ಅವರಿಗೇ ಕರೆ ಬರುತ್ತಿತ್ತು. "ನಾನು ಬೇಕು ಅಂತ ಚಾವಣಿಗೂ ಅನ್ಸುತ್ತೆ" ಎಂದು ಮೀಸೆ ತಿರುವುತ್ತಿದ್ದರು. ಹೊಗಳಿದರೆ ಉಬ್ಬಿಹೋಗುವ ಮನುಷ್ಯ. ನನಗೆ ಅದು ಮೊದಲಿಂದಲೂ ಹಿಡಿಸುತ್ತಿರಲಿಲ್ಲ.

ಅವರ ಒಬ್ಬಳೇ ಮಗಳನ್ನು ಮದುವೆಯಾದವನೂ ಚಾವಣಿ ಕೆಲಸದವನೇ. ಆದರೆ ಅವನು ಗಾರೆ ಮುಟ್ಟುತ್ತಿರಲಿಲ್ಲ. ಒಂದಕ್ಕೊಂದು ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಮುಚ್ಚಳಗಳನ್ನು ಅಂಚಿನ ಹೆಂಚಿಗೆ ತೊಡಿಸಿ, ಹೆಂಚಿನಡಿಯ ಮರದ ರೀಪಿಗೆ ಸ್ಕ್ರೂ ಬಿಗಿಯುತ್ತಿದ್ದ. ನುಗ್ಗಿದ ಮಳೆನೀರು ಮುಚ್ಚಳದೊಳಗೇ ಇಳಿದು ಹೊರಗೆ ಹೋಗುತ್ತಿತ್ತು. ಮೊದಲು ತನ್ನ ಮನೆಗೇ ಹಾಕಿದ. ನೋಡಿದವರು ತಮಗೂ ಬೇಕೆಂದರು.

ಗಾರೆಮಾವ ಮೂಗು ಮುರಿದರು. "ಆಟದ ಸಾಮಾನು ಇದ್ದಂಗಿದೆ ಅಳಿಯಂದ್ರೇ. ಒಳಗೆಲ್ಲ ಟೊಳ್ಳು. ಜೋರು ಗಾಳಿ ಬಂದ್ರೆ ಹಾರ್ಕೊಂಡು ಹೋಗುತ್ತೆ."

"ಟೊಳ್ಳೇ ಇರಬೇಕು ಮಾವ. ಅದೇ ನೀರಿನ ದಾರಿ."

ಮಗಳ ತಲೆಯ ಮೇಲೆ ಟೊಳ್ಳು ಅಂಚು! ಅವರಿಗೆ ನಿದ್ದೆ ಹತ್ತಲಿಲ್ಲ. ಗಂಡ ಹೆಂಡತಿ ಊರಲ್ಲಿಲ್ಲದ ದಿನ ಏಣಿ ಹಾಕಿ, ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿ, ಒಳಗೆಲ್ಲ ಗಾರೆ ತುಂಬಿ ಮತ್ತೆ ಬಿಗಿದರು. ಯಾರಿಗೂ ಹೇಳಲಿಲ್ಲ. ಅದು ಪ್ರೀತಿಯೇ, ನಾನು ಇಲ್ಲವೆನ್ನುವುದಿಲ್ಲ.

ದಾರಿ ಮುಚ್ಚಿಹೋದ ನೀರು ಒಳಕ್ಕೆ ತಿರುಗಿತು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ರೀಪು ಕೊಳೆತು ಸ್ಕ್ರೂ ಸಡಿಲವಾದವು. ಒಂದು ಸಂಜೆಯ ಬಿರುಗಾಳಿಗೆ ಅಂಚು ಹೆಂಚಿನ ಸಮೇತ ಬೀದಿಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಅಳಿಯನ ಹೆಸರೊಂದು ಹಾಳಾಯಿತು. ಅವನ ಮನೆಯದೇ ನಿಲ್ಲಲಿಲ್ಲ, ನಮ್ಮದು ನಿಲ್ಲುತ್ತಾ ಎಂದು ಜನ ಆಡಿಕೊಂಡರು. ಒಪ್ಪಿಕೊಂಡಿದ್ದ ಕೆಲಸಗಳೆಲ್ಲ ಕೈತಪ್ಪಿದವು. ಅವನು ಗೋದಾಮೊಂದರಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಜನ ಮತ್ತೆ ಗಾರೆಮಾವನನ್ನೇ ಕರೆದರು, ಅವರು ಬಾಯಿಗೆ ಬೀಗ ಹಾಕಿಕೊಂಡು ಹೋದರು. ಆಗಲೇ ಗೊತ್ತಿದ್ದರೆ ಏಣಿಯನ್ನು ನಾನೇ ಎಳೆದು ಬಿಸಾಡುತ್ತಿದ್ದೆ.

ವರ್ಷಗಟ್ಟಲೆ ತಡೆದುಕೊಂಡರು. ಕೊನೆಗೆ ಒಂದು ಭಾನುವಾರ, ನಾನೂ ಅಲ್ಲಿದ್ದಾಗ, ಮಗಳ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟರು. ಮಗಳ ಕೈಯಲ್ಲಿ ಸೌಟು ಹಾಗೇ ನಿಂತಿತು. ಊಟ ಮಾಡುತ್ತಿದ್ದ ಅಳಿಯ ತಲೆ ಎತ್ತಲಿಲ್ಲ.

"ಗೊತ್ತು ಮಾವ. ಬಿದ್ದಿದ್ದ ಗಾರೇನೆಲ್ಲ ಬಾಚಿ ಹಾಕಿದವನು ನಾನೇ ಅಲ್ವಾ."

"ಗೊತ್ತಿತ್ತಾ? ಮತ್ಯಾಕೆ ಯಾರಿಗೂ ಹೇಳ್ಲಿಲ್ಲ ನೀವು?"

"ಹೇಳಿದ್ರೆ ಈ ವಯಸ್ಸಲ್ಲಿ ನಿಮ್ಮನ್ನ ಯಾರು ಕೆಲಸಕ್ಕೆ ಕರೀತಿದ್ರು? ನೀವಾಗೇ ಬಂದು ಹೇಳ್ತೀರ ಅಂತ ಕಾದೆ. ಮೊದಮೊದಲು ದಿನಾ ಕಾದೆ."

ನಾಳೆಯೇ ಮನೆಮನೆಗೆ ಹೋಗಿ ಹೇಳುತ್ತೇನೆ ಎಂದು ಗಾರೆಮಾವ ಅತ್ತರು. ಮೂಟೆ ಹೊತ್ತು ಹೊತ್ತು ಅಳಿಯನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ.

"ನಂಗೀಗ ಏಣಿ ಹಿಡ್ಕೊಳ್ಳೋಕೂ ಆಗಲ್ಲ ಮಾವ. ಕೂತ್ಕೊಳ್ಳಿ, ಊಟ ಮಾಡಿ."

ಮಗಳು ತಟ್ಟೆ ತಂದಿಟ್ಟು ಬಡಿಸಿದಳು. ಅವಳು ಅವರನ್ನು ಅಪ್ಪಾ ಎಂದು ಕರೆದದ್ದನ್ನು ಆಮೇಲೆ ನಾನು ಕೇಳಿಲ್ಲ.